ಹಳೇ ನಕ್ಷೆಯ ದಾರಿ ಈಗ ಎಲ್ಲಿಗೆ ಹೋಗುತ್ತದೆ?

ನನ್ನ ಮೇಜಿನ ಮೇಲೆ ಹರಡಿರುವ ಕಬಿನಿ ಭಾಗದ ಹಳೇ ಹಾಳೆಯಲ್ಲಿ ಹಿನ್ನೀರೇ ಇಲ್ಲ. ಸರ್ವೆ ಆಫ್ ಇಂಡಿಯಾದ, ಒಂದು ಮೈಲಿಗೆ ಒಂದು ಇಂಚಿನ ಲೆಕ್ಕದ ನಕ್ಷೆ ಅದು. ನದಿ ಬಳುಕುತ್ತಾ ಹೋಗಿದೆ. ಎರಡೂ ದಡದಲ್ಲಿ ಊರು, ಹೊಲ, ಗಾಡಿದಾರಿ. ಪಕ್ಕದಲ್ಲಿರುವ ಹೊಸ ಹಾಳೆಯಲ್ಲಿ ಅದೇ ಜಾಗದ ತುಂಬ ನೀಲಿ. 1974ರಲ್ಲಿ ಬೀಚನಹಳ್ಳಿ ಅಣೆಕಟ್ಟು ಮುಗಿಯಿತು, ನದಿ ಕೆರೆಯಂತೆ ಹರಡಿಕೊಂಡಿತು.

ಮೈಸೂರಿನಲ್ಲಿ ಕೂತು ಇಂಥ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸಿ, ಒಂದರ ಮೇಲೊಂದು ಕೂರಿಸುವುದು ನನ್ನ ಕೆಲಸ. ಚಾರಣದ ಹುಚ್ಚಿರುವ ಹುಡುಗರು ಬಂದರೆ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. "ಸರ್, ಹಳೇ ಟೋಪೋಶೀಟ್‌ನಲ್ಲಿ ಕಾಡೊಳಗೆ ಇಷ್ಟೊಂದು ಕಾಲುದಾರಿ ಇದೆ. ಹೊಸದರಲ್ಲಿ ಎಲ್ಲಿ ಹೋಯ್ತು?"

ದಾರಿ ಅಂದರೆ ಅಲ್ಲಿ ನಡೆಯುವ ಜನ. ಜನ ಎದ್ದು ಹೋದರೆ ದಾರಿಯೂ ಹೋಗುತ್ತದೆ. ನಾಗರಹೊಳೆ, ಕಾಕನಕೋಟೆ ಕಡೆ ಜೇನು ಕುರುಬರ, ಬೆಟ್ಟ ಕುರುಬರ ಹಾಡಿಗಳಿದ್ದವು. ಹಾಡಿಯಿಂದ ನೀರಿಗೆ, ನೀರಿನಿಂದ ಸಂತೆಗೆ ಕಾಲುದಾರಿ ಬಿದ್ದಿತ್ತು. ಎಷ್ಟೋ ಹಾಡಿಗಳನ್ನು ಕಾಡಿನಿಂದ ಹೊರಗೆ ಸಾಗಿಸಿದರು. ತೇಗದ ತೋಪಿನಿಂದ ಮರ ಹೊರಲು ಮಾಡಿದ ದಾರಿಗಳೂ ಇವೆ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆನೆ ಹಿಡಿಯುತ್ತಿದ್ದ ಆ ಜಾಗದ ಮೇಲೆ ಈಗ ಹಿನ್ನೀರು ನಿಂತಿದೆ. ಹಾಗಾಗಿ ಹಳೇ ಹಾಳೆಯಲ್ಲಿ ಕಾಲುದಾರಿಯ ಚುಕ್ಕಿ ಗೆರೆ ಕಂಡ ತಕ್ಷಣ ಬೂಟು ಹಾಕಿಕೊಳ್ಳಬೇಡಿ. ಅಲ್ಲಿ ಯಾರಿದ್ದರು, ಯಾವುದಕ್ಕೆ ಹೋಗುತ್ತಿದ್ದರು ಅಂತ ಮೊದಲು ಕೇಳಿಕೊಳ್ಳಿ. ಎರಡು ಹಾಳೆ ಎಲ್ಲಿ ಒಂದನ್ನೊಂದು ಒಪ್ಪುವುದಿಲ್ಲವೋ, ನಾನು ಜಾಸ್ತಿ ಹೊತ್ತು ನೋಡುವುದು ಅಲ್ಲೇ.

ಇದನ್ನು ನಾನು ಕಲಿತದ್ದು ಎಡವಿಯೇ. ಹಲವು ವರ್ಷಗಳ ಹಿಂದೆ, ಅನುಮತಿ ಪಡೆದು, ಒಂದು ಸರ್ವೆ ಕೆಲಸಕ್ಕೆ ಹಿನ್ನೀರಿನ ಅಂಚಿಗೆ ಹೋಗಿದ್ದೆವು. ಕೈಯಲ್ಲಿ ಹಳೇ ಹಾಳೆ ಮಾತ್ರ. ಅದರಲ್ಲಿದ್ದ ದಾರಿ ಹಿಡಿದು ಇಳಿದೆವು. ದಾರಿ ನೆಟ್ಟಗೆ ನೀರಿನೊಳಗೆ ಹೋಗಿತ್ತು. ಅದು ಡಿಸೆಂಬರ್. ಸುತ್ತಿ ಬರುವುದರಲ್ಲಿ ಸಂಜೆಯಾಯಿತು. ಆನೆಗಳು ನೀರಿಗೆ ಬರುವ ಹೊತ್ತದು. ನನ್ನನ್ನು ನಂಬಿ ಬಂದವರು ಜೊತೆಗಿದ್ದರು. ಆ ಭಯ ಇವತ್ತಿಗೂ ನೆನಪಿದೆ.

ಹಾಗಂತ ಹೊಸ ಹಾಳೆ ಎಲ್ಲವನ್ನೂ ಹೇಳುತ್ತದೆ ಅಂತಲ್ಲ. ಅದರಲ್ಲಿ ಹಿನ್ನೀರಿಗೆ ಒಂದೇ ಅಂಚು. ನಿಜವಾದ ಅಂಚು ತಿಂಗಳು ತಿಂಗಳಿಗೂ ಸರಿಯುತ್ತಿರುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಹೋದರೆ ಹಸಿರು ಹುಲ್ಲು ಏಳುತ್ತದೆ, ಆನೆ ಹಿಂಡು ಅಲ್ಲೇ ಬೀಡು ಬಿಡುತ್ತದೆ. ಮುಳುಗಿದ ಕಾಡಿನ ಒಣ ಬೊಡ್ಡೆಗಳು ಎದ್ದು ಕಾಣುತ್ತವೆ. ಆಗ ಹಳೇ ಹಾಳೆ ಮತ್ತೆ ಮಾತಾಡಲು ಶುರು ಮಾಡುತ್ತದೆ. ಇನ್ನು ಲಂಟಾನ. ಅದು ಯಾವ ಹಾಳೆಯಲ್ಲೂ ಇಲ್ಲ. ನಕ್ಷೆಯಲ್ಲಿ ಬರೀ ಹಸಿರು ಬಣ್ಣ, ನೆಲದಲ್ಲಿ ಆಳೆತ್ತರದ ಮುಳ್ಳು ಪೊದೆ.

ಅಳತೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗೆ ಕಾಂಟೂರ್ ಅನ್ನುತ್ತಾರೆ. ಹಳೇ ಹಾಳೆಯಲ್ಲಿ ಒಂದು ಕಾಂಟೂರ್ ಗೆರೆಯಿಂದ ಇನ್ನೊಂದಕ್ಕೆ ಎತ್ತರದಲ್ಲಿ ಸಾಮಾನ್ಯವಾಗಿ 50 ಅಡಿ ಅಂತರ. 1:50,000 ಅಳತೆಯ ಹಾಳೆಯಲ್ಲಿ 20 ಮೀಟರ್, ಮತ್ತು 2 ಸೆಂಟಿಮೀಟರ್ ಅಂದರೆ 1 ಕಿಲೋಮೀಟರ್. 2005ರ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗೆ ಓಪನ್ ಸೀರೀಸ್ ನಕ್ಷೆ ಬಂತು. ಮೈಸೂರಿನ ಹಾಳೆಯ ಹಳೇ ನಂಬರು 57 ಡಿ/11. ಹೊಸ ನಂಬರು ಡಿ43 ಅಂತ ಶುರುವಾಗುತ್ತದೆ.

ನಂಬರಿಗಿಂತ ಮುಖ್ಯವಾದದ್ದು ಇದು. ಹಳೇ ನಕ್ಷೆ, ಭೂಮಿಯ ಆಕಾರಕ್ಕೆ ಹಾಕಿದ ಎವರೆಸ್ಟ್ ಅನ್ನುವ ಲೆಕ್ಕದ ಮೇಲೆ ನಿಂತಿದೆ. ಹೊಸದು, ಮತ್ತು ನಿಮ್ಮ ಫೋನಿನ ಜಿಪಿಎಸ್, ಡಬ್ಲ್ಯುಜಿಎಸ್ 84 ಅನ್ನುವ ಬೇರೆ ಲೆಕ್ಕದ ಮೇಲೆ. ಹಳೇ ಹಾಳೆಯ ಅಕ್ಷಾಂಶ ರೇಖಾಂಶವನ್ನು ಸುಮ್ನೆ ಫೋನಿಗೆ ಹಾಕಿದರೆ ನೀವು ನೂರಾರು ಅಡಿ ಪಕ್ಕಕ್ಕೆ ಹೋಗಿರುತ್ತೀರಿ. ಕಾಡಿನಲ್ಲಿ ಅಷ್ಟು ದೂರ ಅಂದರೆ ಹಳ್ಳದ ಆಚೆ ದಡ. ಅದಕ್ಕೇ ಹಾಳೆ ಕೂರಿಸುವಾಗ ನಾನು ಕದಲದ ಗುರುತು ಹುಡುಕುತ್ತೇನೆ: ಬೆಟ್ಟದ ತುದಿ, ಹಳೇ ದೇವಸ್ಥಾನ, ಕೆರೆ ಏರಿ. ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆ ಎರಡೂ ಕಾಲದ ಹಾಳೆಗೆ ಸರಿಯಾಗಿ ಸಿಗುತ್ತದೆ. ಹಳ್ಳ ಸೇರುವ ಜಾಗವನ್ನು ನಂಬುವುದಿಲ್ಲ. ಮಳೆಗೆ ಅದು ಜರುಗುತ್ತದೆ.

ಓದುವ ಅಭ್ಯಾಸಕ್ಕೆ ಕಾಡೇ ಬೇಕಿಲ್ಲ, ಚಾಮುಂಡಿ ಬೆಟ್ಟ ಸಾಕು. 57 ಡಿ/11 ತೆಗೆದುಕೊಂಡು ಬೆಳಿಗ್ಗೆ ಆರಕ್ಕೆ ಪಾದದ ಹತ್ತಿರ ನಿಲ್ಲಿ. ಮೆಟ್ಟಿಲ ದಾರಿ ಕಾಂಟೂರ್ ಗೆರೆಗಳನ್ನು ಅಡ್ಡಲಾಗಿ ಸೀಳಿಕೊಂಡು ಹೋಗುತ್ತದೆ. ಬಸ್ ರಸ್ತೆ ಗೆರೆಗಳ ಜೊತೆಜೊತೆಗೇ ಸುತ್ತುತ್ತಾ ನಿಧಾನಕ್ಕೆ ಮೇಲೇರುತ್ತದೆ. ಗೆರೆ ಹತ್ತಿರ ಹತ್ತಿರ ಆದ ಕಡೆ ನಿಮ್ಮ ಮಂಡಿಗೆ ಗೊತ್ತಾಗುತ್ತದೆ. ನಂದಿಯ ಹತ್ತಿರ ಕೂತು ಹಾಳೆ ಬಿಚ್ಚಿ, ಉತ್ತರಕ್ಕೆ ತಿರುಗಿಸಿ, ಕೆಳಗಿನ ಕೆರೆಗಳನ್ನು ಒಂದೊಂದಾಗಿ ಗುರುತಿಸಿ. ನಾಲ್ಕು ಭಾನುವಾರ ಹೀಗೆ ಮಾಡಿದವರು ಯಾವ ಕಾಡಿನ ಹಾಳೆಯನ್ನೂ ಓದುತ್ತಾರೆ.

ಬಂಡೀಪುರ, ನಾಗರಹೊಳೆಯಲ್ಲಿ ನಮ್ಮಿಷ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಹಾಗಿಲ್ಲ. ಅದು ಸರಿಯೇ. ಹುಲಿ, ಆನೆಗೂ ಒಂದಷ್ಟು ಜಾಗ ಬೇಕಲ್ವಾ? ಅಲ್ಲಿ ಹಾಳೆಯನ್ನು ಸಫಾರಿ ವಾಹನದಲ್ಲಿ ತೊಡೆಯ ಮೇಲಿಟ್ಟುಕೊಂಡು ಓದಿ. ಹಡ್ಲು, ಅಂದರೆ ಕಾಡಿನ ನಡುವಿನ ಜೌಗು ಹುಲ್ಲುಗಾವಲು, ಬಂದ ಕಡೆ ಕಾಂಟೂರ್ ಗೆರೆ ಹೇಗೆ ದೂರ ದೂರ ಆಗುತ್ತದೆ ನೋಡಿ. ನಡೆಯಲೇಬೇಕು ಅನ್ನುವವರಿಗೆ ಕುದುರೆಮುಖ ರಾಷ್ಟ್ರೀಯ ಉದ್ಯಾನ ಇದೆ. ಇಲಾಖೆಯ ಅನುಮತಿ, ಜೊತೆಗೆ ಊರಿನ ಗೈಡ್, ಎರಡೂ ಇರಬೇಕು.

ಗೈಡ್ ಅಂದಾಗ ಒಬ್ಬರು ನೆನಪಾಗುತ್ತಾರೆ. ಆ ಸರ್ವೆಯ ದಿನ ನಮ್ಮನ್ನು ಸುತ್ತಿಸಿ ಕರೆತಂದ, ಕಾಡು ಕಾಯುವ ವಾಚರ್. ಹಾಡಿಯಲ್ಲಿ ಹುಟ್ಟಿದವರು, ಓದು ಬರುವುದಿಲ್ಲ. ಮಾರನೇ ದಿನ ಶಿಬಿರದಲ್ಲಿ ಅದೇ ಹಳೇ ಹಾಳೆ ಹರಡಿದೆ. ಎರಡು ಹಳ್ಳ ಸೇರುವ ಜಾಗ ಹುಡುಕಿ, ಅಲ್ಲಿಂದ ಬೆರಳಿನಲ್ಲೇ ಮೇಲಕ್ಕೆ ನಡೆದರು. ಒಂದು ಕಪ್ಪು ಗೆರೆಯ ಮೇಲೆ ಬೆರಳು ನಿಂತಿತು. ನೀರಿಲ್ಲದ ಹಳ್ಳವನ್ನು ನಕ್ಷೆಯಲ್ಲಿ ಕಪ್ಪಾಗಿ ತೋರಿಸುತ್ತಾರೆ ಅಂತ ಅವರಿಗೆ ಹೇಳಿದೆ.

"ಇದು ಬತ್ತಕಿಲ್ಲ ಸಾ. ಬ್ಯಾಸ್ಗೇಲೂ ಬಂಡೆ ಸಂದೀಲಿ ಜಿನುಗ್ತಾನೇ ಇರ್ತದೆ. ನಮ್ಮ ದಾರಿ ಎಲ್ಲಾ ಇಲ್ಲಿಗೇ ಬರ್ತಿತ್ತು."

ಹಾಳೆಯನ್ನು ಮತ್ತೆ ನೋಡಿದೆ. ಮೂರು ಚುಕ್ಕಿ ಗೆರೆಗಳು ಮೂರು ದಿಕ್ಕಿನಿಂದ ಬಂದು ಆ ಬೆರಳಿನ ಕೆಳಗೇ ಸೇರುತ್ತಿದ್ದವು. ಬ್ಯಾಗಿನಿಂದ ನೀಲಿ ಪೆನ್ಸಿಲ್ ತೆಗೆದು ಆ ಕಪ್ಪು ಗೆರೆಯ ಮೇಲೆ ಎಳೆದೆ.