ಥೈರಾಯ್ಡ್ ಮಾತ್ರೆಗೆ ಬೆಲೆ ಮಿತಿ ಇದ್ದರೂ ಕೊಡಗಿನಲ್ಲಿ ಖರ್ಚು ಯಾಕೆ ಇಳಿಯುವುದಿಲ್ಲ?

ಥೈರಾಯ್ಡ್ ಹಾರ್ಮೋನ್ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್ ದುಬಾರಿ ಔಷಧಿಯಲ್ಲ. ಮಡಿಕೇರಿ, ವಿರಾಜಪೇಟೆಯ ಮೆಡಿಕಲ್ ಶಾಪ್‌ಗಳಲ್ಲಿ ಸುಲಭವಾಗಿ ಸಿಗುತ್ತದೆ. ಆದರೂ ಖರ್ಚಿನ ದೂರು ನಿಂತಿಲ್ಲ.

ಕೊಡಗಿಗೆ ಈ ಕಾಯಿಲೆ ಹೊಸದಲ್ಲ. ಥೈರಾಯ್ಡ್ ಗ್ರಂಥಿಗೆ ಬೇಕಾದ ಅಯೋಡಿನ್ ಜೋರು ಮಳೆಗೆ ಬೆಟ್ಟದ ಮಣ್ಣಿನಿಂದ ಕೊಚ್ಚಿ ಹೋಗುತ್ತದೆ, ಹಾಗಾಗಿ ಗಳಗಂಡ, ಅಂದರೆ ಆ ಗ್ರಂಥಿ ಊದಿ ಕುತ್ತಿಗೆ ದಪ್ಪಗಾಗುವುದು, ಇಲ್ಲಿಯ ಹಳೆಯ ಕಾಯಿಲೆ. 1962ರಲ್ಲಿ ದೇಶದಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅಯೋಡಿನ್ ಇಲ್ಲದ ಉಪ್ಪಿಗೆ 1998ರಲ್ಲಿ ನಿಷೇಧ ಬಂತು, 2000ದಲ್ಲಿ ಹೋಯಿತು, 2006ರಲ್ಲಿ ಮತ್ತೆ ಬಂತು. ಆದರೆ ಉಪ್ಪು ಎಲ್ಲಕ್ಕೂ ಮದ್ದಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯನ್ನು ಹಾಳು ಮಾಡಿದರೆ ಸಾಮಾನ್ಯವಾಗಿ ಜೀವನಪೂರ್ತಿ ಮಾತ್ರೆ ಬೇಕು.

ಬೆಲೆಯ ಕಥೆ ಇನ್ನೂ ಗೋಜಲು. 1979ರಲ್ಲಿ 347 ಔಷಧಿಗಳು ಬೆಲೆ ನಿಯಂತ್ರಣದಲ್ಲಿದ್ದವು. 1995ರ ಹೊತ್ತಿಗೆ ಉಳಿದದ್ದು 74. ಆಗ ಬೆಲೆ ಕಟ್ಟುತ್ತಿದ್ದದ್ದು ತಯಾರಿಕೆಯ ಖರ್ಚು ನೋಡಿ. 2013ರ ಔಷಧಿ ಬೆಲೆ ನಿಯಂತ್ರಣ ಆದೇಶ ಆ ಲೆಕ್ಕವನ್ನೇ ಬದಲಿಸಿತು. ಮಾರುಕಟ್ಟೆಯಲ್ಲಿ ಕನಿಷ್ಠ 1% ಪಾಲಿರುವ ಬ್ರಾಂಡ್‌ಗಳ ಬೆಲೆಯ ಸರಾಸರಿ ತೆಗೆದು, ಅಂಗಡಿಯವರಿಗೆ 16% ಸೇರಿಸಿದರೆ ಅದೇ ಗರಿಷ್ಠ ಬೆಲೆ. ಹೆಚ್ಚು ಮಾರಾಟವಾಗುವ ಬ್ರಾಂಡ್‌ಗಳು ಮೊದಲೇ ದುಬಾರಿಯಾಗಿದ್ದರೆ ಮಿತಿಯೂ ಮೇಲೆಯೇ ನಿಲ್ಲುತ್ತದೆ, ಅಲ್ವಾ? ಮೇಲಾಗಿ ಪ್ರತಿ ಏಪ್ರಿಲ್‌ನಲ್ಲಿ ಸಗಟು ಬೆಲೆ ಸೂಚ್ಯಂಕ ನೋಡಿ ಈ ಮಿತಿಯನ್ನು ಬದಲಿಸುತ್ತಾರೆ. 2023ರಲ್ಲಿ 12% ದಾಟಿ ಏರಿಸಲು ಅವಕಾಶ ಸಿಕ್ಕಿತು. ಮರುವರ್ಷ ಹೆಚ್ಚುಕಡಿಮೆ ಸೊನ್ನೆ.

ಬ್ರಾಂಡ್ ಹೆಸರಿಲ್ಲದೆ ಔಷಧಿಯ ಮೂಲ ಹೆಸರಲ್ಲೇ ಮಾರುವ ಅಗ್ಗದ ಜನೆರಿಕ್ ಕೊಳ್ಳಬಹುದಲ್ಲ ಎನ್ನುವವರಿದ್ದಾರೆ. 2008ರಲ್ಲಿ ಶುರುವಾದ ಜನೌಷಧಿ ಯೋಜನೆ ಇರುವುದೇ ಅದಕ್ಕೆ. ಆದರೆ ಈ ಔಷಧಿಯಲ್ಲಿ ಮೈಕ್ರೋಗ್ರಾಂ ಲೆಕ್ಕವೂ ಮುಖ್ಯ, ಹಾಗಾಗಿ ಬ್ರಾಂಡ್ ಬದಲಿಸಲು ವೈದ್ಯರು ಹಿಂಜರಿಯುತ್ತಾರೆ. ಬದಲಿಸಿದರೆ ಟಿಎಸ್‌ಎಚ್ (ಡೋಸ್ ಸರಿಯಿದೆಯೇ ಎಂದು ತೋರಿಸುವ ರಕ್ತದ ಹಾರ್ಮೋನ್ ಮಟ್ಟ) ಮತ್ತೆ ನೋಡಬೇಕು. ಜನೆರಿಕ್ ಹೆಸರಲ್ಲೇ ಚೀಟಿ ಬರೆಯಬೇಕೆಂಬ ನಿಯಮ 2023ರ ಆಗಸ್ಟ್‌ನಲ್ಲಿ ಬಂತು, ಅದೇ ತಿಂಗಳು ತಡೆಯೂ ಬಿತ್ತು. ಯಾರ ವಾದ ಸರಿಯಿದ್ದರೂ ರೋಗಿ ಹಳೆ ಬ್ರಾಂಡ್‌ಗೇ ಅಂಟಿಕೊಂಡ.

ನಿಜವಾದ ಭಾರ ಇರುವುದು ಮಾತ್ರೆಯ ಆಚೆ. ಡೋಸ್ ಬದಲಾದರೆ 6ರಿಂದ 8 ವಾರಕ್ಕೆ ರಕ್ತ ಪರೀಕ್ಷೆ, ಸರಿಹೋದ ಮೇಲೂ 6 ತಿಂಗಳಿಗೋ ವರ್ಷಕ್ಕೋ ಒಮ್ಮೆ. ಮಾತ್ರೆಯ ಬೆಲೆ ಮಿತಿ ಖಾಸಗಿ ಲ್ಯಾಬ್‌ನ ಬಿಲ್ಲಿಗೆ ಅನ್ವಯಿಸುವುದಿಲ್ಲ. ಮಡಿಕೇರಿಯಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಶುರುವಾಗಿದೆ, ಒಳ್ಳೆಯದೇ. ಆದರೆ ದೂರದ ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವವರಿಗೆ ಬಸ್ ಚಾರ್ಜ್ ಜೊತೆಗೆ ಒಂದು ದಿನದ ಕೂಲಿಯೂ ಹೋಗುತ್ತದೆ. ಮೈಸೂರಿನ ತಜ್ಞರ ಹತ್ತಿರ ಹೋಗುವುದಾದರೆ ಮಡಿಕೇರಿಯಿಂದ ಸುಮಾರು 120 ಕಿ.ಮೀ., ಜಿಲ್ಲೆಗೆ ರೈಲೂ ಇಲ್ಲ. ಇದನ್ನು ಯಾವ ದರಪಟ್ಟಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕಿತ್ತು.

ಸುಮ್ನೆ ಖರ್ಚು ಏರಿಸುವ ಇನ್ನೆರಡು ಸಂಗತಿಗಳಿವೆ. ಈ ಮಾತ್ರೆಗೆ ತೇವ ಆಗದು. ಮಳೆಗಾಲದಲ್ಲಿ ಬಾಟಲಿಯ ಮುಚ್ಚಳ ಸಡಿಲವಿದ್ದರೆ ಶಕ್ತಿ ಕುಂದಬಹುದು. ಇನ್ನೊಂದು, ನಮ್ಮ ಕಾಫಿ. ಬೆಲ್ಲದ ಕರಿ ಕಾಫಿಯೂ ಸೇರಿ ಯಾವ ಕಾಫಿಯಾದರೂ ಮಾತ್ರೆ ಮೈಗೆ ಹತ್ತುವುದನ್ನು ಕಡಿಮೆ ಮಾಡಬಹುದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾಫಿ ಮುಟ್ಟಬಾರದು. ಇಲ್ಲದಿದ್ದರೆ ಟಿಎಸ್‌ಎಚ್ ಏರಿದ್ದು ನೋಡಿ ಡೋಸ್ ಜಾಸ್ತಿ ಮಾಡುತ್ತಾರೆ, ಎರಡು ತಿಂಗಳೊಳಗೆ ಮತ್ತೆ ಲ್ಯಾಬ್‌ಗೆ ಹೋಗಬೇಕಾಗುತ್ತದೆ.