ಮುಗಿಯದ ಕಥೆಯೊಳಗಿನ ಹೆಣ್ಣು: ಧಾರಾವಾಹಿಗಳು ನಡೆದುಬಂದ ದಾರಿ

ಕಿರುತೆರೆಯ ಧಾರಾವಾಹಿಗಳಲ್ಲಿ ಹೆಣ್ಣೆಂದರೆ ಒಂದೋ ಎಲ್ಲವನ್ನೂ ಸಹಿಸಿಕೊಳ್ಳುವ ಸೊಸೆ, ಇಲ್ಲವೇ ಮನೆ ಒಡೆಯಲು ಹೊಂಚು ಹಾಕುವ ಅತ್ತೆ ಅಥವಾ ನಾದಿನಿ ಎಂಬ ದೂರು ಬಹಳ ಕಾಲದಿಂದ ಕೇಳಿಬರುತ್ತಿದೆ. ದೂರುವವರು ಸಾಮಾನ್ಯವಾಗಿ ಕಥೆಗಾರರ ಅಭಿರುಚಿಯನ್ನು ಹಳಿಯುತ್ತಾರೆ, ಇಲ್ಲವೇ ಅದನ್ನು ನೋಡುವ ಹೆಂಗಸರನ್ನೇ ಹೊಣೆಯಾಗಿಸುತ್ತಾರೆ. ಈ ಪ್ರಕಾರದ ತೊಂಬತ್ತಕ್ಕೂ ಹೆಚ್ಚು ವರ್ಷಗಳ ಇತಿಹಾಸವನ್ನು ಗಮನಿಸಿದರೆ, ಹೆಣ್ಣಿನ ಪಾತ್ರದ ಮೇಲೆ ಎಲ್ಲಕ್ಕಿಂತ ಹೆಚ್ಚು ಹಿಡಿತ ಸಾಧಿಸಿದ್ದು ಎರಡು ಸಂಗತಿಗಳು ಎಂದು ನನಗೆ ತೋರುತ್ತದೆ: ಕಥೆಗೆ ದುಡ್ಡು ಕೊಡುವವರು ಯಾರು, ಮತ್ತು ಆ ಕಥೆ ಎಷ್ಟು ದಿನ ಓಡಬೇಕು.

ಆರಂಭ ಆದದ್ದು ರೇಡಿಯೋದಲ್ಲಿ. 1930ರ ಅಕ್ಟೋಬರ್‌ನಲ್ಲಿ ಅಮೆರಿಕದ ಷಿಕಾಗೋ ನಗರದ ಡಬ್ಲ್ಯುಜಿಎನ್ ಕೇಂದ್ರದಿಂದ ‘ಪೇಂಟೆಡ್ ಡ್ರೀಮ್ಸ್’ ಎಂಬ ಧಾರಾವಾಹಿ ಪ್ರಸಾರವಾಯಿತು. ಅದನ್ನು ಬರೆದವರು ಇರ್ನಾ ಫಿಲಿಪ್ಸ್. ಒಬ್ಬ ವಿಧವೆ ತಾಯಿ, ಹೊರಗಿನ ಬದುಕಿನ ಕನಸು ಕಾಣುವ ಅವಳ ಮಗಳು, ಇವರಿಬ್ಬರ ನಡುವಿನ ಮಾತುಕತೆಯೇ ಅದರ ಜೀವಾಳ. ಮೂರು ವರ್ಷದ ನಂತರ ಸೋಪು ತಯಾರಿಸುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ‘ಮಾ ಪರ್ಕಿನ್ಸ್’ ಧಾರಾವಾಹಿಯ ಪ್ರಾಯೋಜಕತ್ವ ವಹಿಸಿಕೊಂಡಿತು. ಹಗಲು ಹೊತ್ತಿನಲ್ಲಿ ಮನೆಯಲ್ಲಿರುವ, ಬಟ್ಟೆ ಒಗೆಯುವ, ಯಾವ ಸೋಪು ಕೊಳ್ಳಬೇಕೆಂದು ತೀರ್ಮಾನಿಸುವ ಗೃಹಿಣಿಯೇ ಈ ಧಾರಾವಾಹಿಗಳನ್ನು ಕೇಳುತ್ತಿದ್ದವಳು. ಅವಳ ಮನೆಯೇ ಕಥೆಯ ಅಂಗಳವೂ ಆಯಿತು. ಆದರೂ ಮಾ ಪರ್ಕಿನ್ಸ್ ಬರಿಯ ಅಡುಗೆಮನೆಯ ಹೆಂಗಸಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಅವಳು ಮರದ ದಿಮ್ಮಿಗಳ ವ್ಯಾಪಾರ ನಡೆಸುವ ವಿಧವೆ, ಊರಿನವರೆಲ್ಲ ಸಲಹೆ ಕೇಳಿ ಬರುತ್ತಿದ್ದ ಹಿರಿಯಳು. ಮದುವೆ ಮತ್ತು ತಾಯ್ತನವನ್ನು ಹೆಣ್ಣಿನ ಬಾಳಿನ ನಡುಗಂಬವಾಗಿ ಚಿತ್ರಿಸಿದ ಫಿಲಿಪ್ಸ್ ಸ್ವತಃ ಮದುವೆಯಾಗದೆ ಇಬ್ಬರು ಮಕ್ಕಳನ್ನು ದತ್ತು ಪಡೆದು ಬೆಳೆಸಿದರು, ತಮ್ಮ ಬರವಣಿಗೆಯಿಂದಲೇ ದೊಡ್ಡ ಸಂಪಾದನೆ ಮಾಡಿದರು. ಬರೆಯುವವಳು ಹೆಣ್ಣಾದ ಮಾತ್ರಕ್ಕೆ ಪಾತ್ರಕ್ಕೆ ಬಿಡುಗಡೆ ಸಿಗುವುದಿಲ್ಲ ಎಂಬುದಕ್ಕೆ ಇದು ಮೊದಲ ನಿದರ್ಶನ.

ದುಡ್ಡು ಕೊಡುವವರ ಕೈ ಎಷ್ಟು ಉದ್ದ ಎಂಬುದು 1962ರ ಒಂದು ಪ್ರಸಂಗದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಫಿಲಿಪ್ಸ್ ಅವರ ಶಿಷ್ಯೆ ಆಗ್ನೆಸ್ ನಿಕ್ಸನ್ ಆಗ ‘ಗೈಡಿಂಗ್ ಲೈಟ್’ ಧಾರಾವಾಹಿಯನ್ನು ಬರೆಯುತ್ತಿದ್ದರು. 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ 1952ರಲ್ಲಿ ದೂರದರ್ಶನಕ್ಕೆ ಬಂದು 2009ರ ತನಕ ನಡೆದ ಕಥೆ ಅದು. ಗೆಳತಿಯೊಬ್ಬರು ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ, ಬರ್ಟ್ ಬವರ್ ಎಂಬ ಗೃಹಿಣಿಯ ಪಾತ್ರಕ್ಕೆ ಗರ್ಭಕೋಶದ ಕ್ಯಾನ್ಸರ್ ಬಂದಂತೆ, ಪ್ಯಾಪ್ ತಪಾಸಣೆಯಿಂದ ಅದು ಮೊದಲೇ ಪತ್ತೆಯಾಗಿ ಅವಳು ಬದುಕುಳಿದಂತೆ ಕಥೆ ಹೆಣೆಯಲು ನಿಕ್ಸನ್ ಬಯಸಿದರು. ವಾಹಿನಿ ಮತ್ತು ಪ್ರಾಯೋಜಕರು ಒಪ್ಪಿದ್ದು ಒಂದು ಷರತ್ತಿನ ಮೇಲೆ: ಕ್ಯಾನ್ಸರ್, ಗರ್ಭಕೋಶ, ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಎಂಬ ಮಾತುಗಳು ಸಂಭಾಷಣೆಯಲ್ಲಿ ಬರಕೂಡದು. ಹೆಣ್ಣಿನ ದೇಹದ ರೋಗವನ್ನು ಆ ದೇಹದ ಹೆಸರೆತ್ತದೆ ಹೇಳಬೇಕಾಯಿತು, ನಿಕ್ಸನ್ ಹಾಗೆಯೇ ಹೇಳಿ ಗೆದ್ದರು.

ಆದರೆ ಕಥೆ ದಶಕಗಟ್ಟಲೆ ಓಡಬೇಕಾದಾಗ ಇಂಥ ಗೆಲುವುಗಳು ಉಳಿಯುವುದು ಕಷ್ಟ. ನಿಕ್ಸನ್ ಅವರೇ ಸೃಷ್ಟಿಸಿದ ‘ಆಲ್ ಮೈ ಚಿಲ್ಡ್ರನ್’ ಧಾರಾವಾಹಿಯಲ್ಲಿ 1973ರಲ್ಲಿ ಎರಿಕಾ ಕೇನ್ ಎಂಬ ನಾಯಕಿ, ತನ್ನ ವೃತ್ತಿಜೀವನವನ್ನು ಬಿಟ್ಟುಕೊಡಲು ಮನಸ್ಸಿಲ್ಲದೆ, ಕಾನೂನುಬದ್ಧವಾಗಿ ಗರ್ಭಪಾತ ಮಾಡಿಸಿಕೊಳ್ಳುತ್ತಾಳೆ. ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತಕ್ಕೆ ಅನುಮತಿ ನೀಡಿದ ವರ್ಷವೇ ಅದು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದ ನಂತರ, ಬೇರೆ ಬರಹಗಾರರ ಕೈಯಲ್ಲಿ, ವೈದ್ಯನೊಬ್ಬ ಆ ಭ್ರೂಣವನ್ನು ಕದ್ದು ಇನ್ನೊಬ್ಬಳ ಗರ್ಭದಲ್ಲಿರಿಸಿದ್ದನೆಂದೂ ಮಗು ಬೆಳೆದು ದೊಡ್ಡವನಾಗಿದ್ದಾನೆಂದೂ ಕಥೆ ತಿರುಗಿತು. ಹೊಸ ಟ್ರ್ಯಾಕ್, ಅಂದರೆ ಕಥೆಗೆ ಹೊಸ ಎಳೆ, ಬೇಕಾಗಿದ್ದುದರಿಂದ ಹೆಣ್ಣೊಬ್ಬಳು ತನ್ನ ಬಾಳಿನ ಬಗ್ಗೆ ತೆಗೆದುಕೊಂಡ ತೀರ್ಮಾನವನ್ನೇ ನಡೆಯದ ಸಂಗತಿಯನ್ನಾಗಿ ಮಾಡಲಾಯಿತು. ‘ಜನರಲ್ ಹಾಸ್ಪಿಟಲ್’ ಇದಕ್ಕಿಂತ ಘೋರವಾದ ಉದಾಹರಣೆ. 1979ರಲ್ಲಿ ಲ್ಯೂಕ್ ಎಂಬಾತ ಲಾರಾಳ ಮೇಲೆ ಅತ್ಯಾಚಾರ ಎಸಗುತ್ತಾನೆ. ಜೋಡಿ ಜನಪ್ರಿಯವಾಗುತ್ತಿದೆ ಎಂದು ಕಂಡೊಡನೆ ಅದು ಪ್ರೇಮಕಥೆಯಾಗುತ್ತದೆ. 1981ರ ನವೆಂಬರ್‌ನಲ್ಲಿ ಅವರ ಮದುವೆಯನ್ನು ಸುಮಾರು 3 ಕೋಟಿ ಜನ ನೋಡಿದರು. ಆ ಅತ್ಯಾಚಾರದ ಲೆಕ್ಕವನ್ನು ಧಾರಾವಾಹಿ ನೇರವಾಗಿ ಎತ್ತಿಕೊಳ್ಳಲು 1998ರ ತನಕ ಕಾಯಬೇಕಾಯಿತು.

ಇದೇ ಕಾಲಕ್ಕೆ ಲ್ಯಾಟಿನ್ ಅಮೆರಿಕದಲ್ಲಿ ಬೇರೆಯದೊಂದು ಪರಂಪರೆ ಬೆಳೆಯುತ್ತಿತ್ತು. 1969ರಲ್ಲಿ ಪೆರು ದೇಶದಲ್ಲಿ ಪ್ರಸಾರವಾದ ‘ಸಿಂಪ್ಲೆಮೆಂತೆ ಮರಿಯಾ’ದ ನಾಯಕಿ ಹಳ್ಳಿಯಿಂದ ನಗರಕ್ಕೆ ಬಂದ ಮನೆಗೆಲಸದ ಹುಡುಗಿ. ಅವಳು ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿಯುತ್ತಾಳೆ, ಹೊಲಿಗೆ ಯಂತ್ರ ಹಿಡಿದು ಸ್ವಂತ ಕಾಲ ಮೇಲೆ ನಿಲ್ಲುತ್ತಾಳೆ. ಅದನ್ನು ನೋಡಿದ ಮನೆಗೆಲಸದ ಹೆಣ್ಣುಮಕ್ಕಳು ಹೊಲಿಗೆ ಮತ್ತು ಅಕ್ಷರ ಕಲಿಕೆಯ ತರಗತಿಗಳಿಗೆ ಮುಗಿಬಿದ್ದರು. ಹೊಲಿಗೆ ಯಂತ್ರಗಳ ಮಾರಾಟವೂ ಏರಿತು. ಇದರಿಂದ ಪಾಠ ಕಲಿತ ಮೆಕ್ಸಿಕೋದ ನಿರ್ಮಾಪಕ ಮಿಗೆಲ್ ಸಬಿದೋ 1975ರಿಂದ ಸಾಕ್ಷರತೆ, ಕುಟುಂಬ ಯೋಜನೆಯಂಥ ವಿಷಯಗಳ ಮೇಲೆ ಧಾರಾವಾಹಿಗಳನ್ನೇ ರೂಪಿಸಿದರು. ಒಳ್ಳೆಯ ಮಾದರಿ, ಕೆಟ್ಟ ಮಾದರಿ, ಇವೆರಡರ ನಡುವೆ ತೊಳಲಾಡುತ್ತ ಕೊನೆಗೆ ಬದಲಾಗುವ ಪಾತ್ರ, ಇದು ಅವರ ವಿಧಾನ.

ಆ ವಿಧಾನವೇ ಭಾರತಕ್ಕೆ ಬಂದು 1984ರ ಜುಲೈ 7ರಂದು ದೂರದರ್ಶನದಲ್ಲಿ ‘ಹಮ್ ಲೋಗ್’ ಶುರುವಾಯಿತು. ಬರೆದವರು ಮನೋಹರ ಶ್ಯಾಮ್ ಜೋಶಿ, ಪ್ರತಿ ಕಂತಿನ ಕೊನೆಯಲ್ಲಿ ಬಂದು ಮಾತಾಡುತ್ತಿದ್ದವರು ಅಶೋಕ್ ಕುಮಾರ್, ಪ್ರಾಯೋಜಕರು ಮ್ಯಾಗಿ ನೂಡಲ್ಸ್. ಕುಡುಕ ಗಂಡನ ಕಾಟವನ್ನೂ ಅತ್ತೆಯ ಮೂದಲಿಕೆಯನ್ನೂ ತುಟಿಪಿಟಕ್ಕೆನ್ನದೆ ಸಹಿಸುವ ಭಾಗವಂತಿಯ ಪಾತ್ರವನ್ನು, ಹೆಣ್ಣು ಹೀಗಿರಬಾರದು ಎಂದು ತೋರಿಸಲೆಂದೇ ರಚಿಸಲಾಗಿತ್ತು. ಧಾರಾವಾಹಿಯ ಪರಿಣಾಮವನ್ನು ಅಧ್ಯಯನ ಮಾಡಿದ ಅರವಿಂದ ಸಿಂಘಲ್ ಮತ್ತು ಎವರೆಟ್ ರೋಜರ್ಸ್ ಅವರಿಗೆ ಕಂಡದ್ದೇ ಬೇರೆ: ಬಹಳಷ್ಟು ನೋಡುಗರು ಭಾಗವಂತಿಯನ್ನೇ ಆದರ್ಶವೆಂದು ಸ್ವೀಕರಿಸಿದ್ದರು. ಸಹನೆಯನ್ನು ಹತ್ತಿರದಿಂದ, ಕಣ್ಣೀರಿನ ಸಮೇತ, ವಾರವಾರವೂ ತೋರಿಸಿದರೆ ಅದು ಖಂಡನೆಯಾಗಿ ಉಳಿಯದೆ ಪೂಜೆಯಾಗಿಬಿಡುತ್ತದೆ. ಮುಂದೆ ಬಂದ ನೂರಾರು ಸೊಸೆಯಂದಿರ ಬೀಜ ಈ ತಪ್ಪರ್ಥದಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಆದರೂ ದೂರದರ್ಶನದ ಆ ದಶಕ ಬಡವಾಗಿರಲಿಲ್ಲ. 1985ರಲ್ಲಿ ಪ್ರಿಯಾ ತೆಂಡುಲ್ಕರ್ ‘ರಜನಿ’ಯಾಗಿ ಗ್ಯಾಸ್ ಸಿಲಿಂಡರ್ ವಿತರಕರಿಂದ ಹಿಡಿದು ಸರ್ಕಾರಿ ಕಚೇರಿಯವರ ತನಕ ಎಲ್ಲರನ್ನೂ ಪ್ರಶ್ನಿಸಿದರು. 1989ರ ‘ಉಡಾನ್’ ಅನ್ನು ಕವಿತಾ ಚೌಧರಿ ತಾವೇ ಬರೆದು, ನಿರ್ದೇಶಿಸಿ, ನಟಿಸಿದರು. ಪೊಲೀಸ್ ಅಧಿಕಾರಿಯಾದ ತಮ್ಮ ಅಕ್ಕ ಕಾಂಚನ್ ಚೌಧರಿ ಅವರ ಬದುಕೇ ಅದಕ್ಕೆ ಪ್ರೇರಣೆ. ವಾರಕ್ಕೊಂದು ಕಂತು, ಎಣಿಕೆಯಷ್ಟೇ ಕಂತುಗಳು, ಹೀಗಾಗಿ ಕಥೆ ಎಲ್ಲಿ ಮುಗಿಯಬೇಕೆಂಬುದು ಬರೆಯುವವರಿಗೆ ಗೊತ್ತಿರುತ್ತಿತ್ತು. ನಾಯಕಿ ಒಂದು ಗುರಿ ಇಟ್ಟುಕೊಂಡು ಅದನ್ನು ಮುಟ್ಟಬಹುದಿತ್ತು.

ಉಪಗ್ರಹ ವಾಹಿನಿಗಳು ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. 2000ದ ಜುಲೈ 3ರಂದು ಶುರುವಾದ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ 2008ರ ನವೆಂಬರ್ ತನಕ 1800ಕ್ಕೂ ಹೆಚ್ಚು ಕಂತು ನಡೆಯಿತು. ದಿನಕ್ಕೊಂದು ಎಪಿಸೋಡ್, ವಾರಕ್ಕೊಮ್ಮೆ ಎಷ್ಟು ಜನ ನೋಡಿದರೆಂದು ಹೇಳುವ ಟಿಆರ್‌ಪಿ ಅಂಕಿ. ಅಂಕಿ ಕುಸಿದರೆ ಟ್ರ್ಯಾಕ್ ಬದಲಾಗಬೇಕು, ಏರಿದರೆ ಎಳೆಯಬೇಕು. ಇಂಥ ಒತ್ತಡದಲ್ಲಿ ತೀರ್ಮಾನ ಮಾಡುವ ನಾಯಕಿ ಬರಹಗಾರರಿಗೆ ತೊಂದರೆ, ಏಕೆಂದರೆ ಅವಳು ಬಾಯಿಬಿಟ್ಟು ನಿಜ ಹೇಳಿದ ದಿನ ಆರು ತಿಂಗಳ ಕಥೆ ಮುಗಿದುಹೋಗುತ್ತದೆ. ಅವಳು ಮೌನವಾಗಿದ್ದರೆ ಅಪಾರ್ಥ ಬೆಳೆಯುತ್ತದೆ, ಸಂಚು ಮುಂದುವರಿಯುತ್ತದೆ, ಒಂದು ಮಾತಿಗೆ ಹತ್ತು ಮುಖಗಳ ಮೇಲೆ ಕ್ಯಾಮೆರಾ ಸುತ್ತುತ್ತದೆ. ಸಹನೆ ಅಗ್ಗದ ಕಚ್ಚಾವಸ್ತುವಾದದ್ದು ಹೀಗೆ. ನ್ಯಾಯವಾಗಿ ಹೇಳಬೇಕೆಂದರೆ, ಇದೇ ಧಾರಾವಾಹಿಯ ನಾಯಕಿ ತುಳಸಿ, ಹೆಂಡತಿಯ ಮೇಲೆ ಅತ್ಯಾಚಾರ ಮಾಡಿದ ಸ್ವಂತ ಮಗನ ವಿರುದ್ಧ ನಿಂತು ಸೊಸೆಯ ಪರವಾಗಿ ಹೋರಾಡಿದಳು. ದಾಂಪತ್ಯದೊಳಗಿನ ಅತ್ಯಾಚಾರದ ಮಾತು ಲಕ್ಷಾಂತರ ಮನೆಗಳ ನಡುಮನೆಯಲ್ಲಿ ಕೇಳಿಸಿದ್ದು ಆಗ.

2008ರಲ್ಲಿ ಬಂದ ‘ಬಾಲಿಕಾ ವಧು’ ಬಾಲ್ಯವಿವಾಹವನ್ನು ಪ್ರಶ್ನಿಸುತ್ತ ಆರಂಭವಾಯಿತು. ಕನ್ನಡದಲ್ಲಿ ಅದು ‘ಪುಟ್ಟಗೌರಿ ಮದುವೆ’ಯಾಯಿತು. ಎರಡೂ ವರ್ಷಗಟ್ಟಲೆ ಬೆಳೆದವು, ಬೆಳೆದಂತೆಲ್ಲ ಮೂಲ ಪ್ರಶ್ನೆ ಹಿಂದಕ್ಕೆ ಸರಿದು ಅಪಹರಣ, ಸಂಚು, ಸವತಿಯರ ಜಗಳ ಮುಂದೆ ಬಂದವು. ವಿಷಯ ಹೊಸದಾಗಿದ್ದರೂ ಕಂತುಗಳ ಹಸಿವು ಹಳೆಯದೇ ಆಗಿತ್ತು.

ಹಾಗಾದರೆ ಧಾರಾವಾಹಿಗಳಿಂದ ಹೆಣ್ಣಿಗೆ ಕೇಡೇ ಆಯಿತೇ? ಅರ್ಥಶಾಸ್ತ್ರಜ್ಞರಾದ ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಓಸ್ಟರ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸರಳ ಉತ್ತರ ಕೊಡುವುದಿಲ್ಲ. 2001ರಿಂದ 2003ರ ಅವಧಿಯಲ್ಲಿ ಭಾರತದ ಐದು ಕಡೆಗಳ ಗ್ರಾಮೀಣ ಮಹಿಳೆಯರನ್ನು ಗಮನಿಸಿದ ಅವರು, ಕೇಬಲ್ ಟಿವಿ ಬಂದ ಹಳ್ಳಿಗಳಲ್ಲಿ ಗಂಡ ಹೊಡೆಯುವುದನ್ನು ಸರಿಯೆನ್ನುವ ಹೆಂಗಸರ ಪ್ರಮಾಣ ಮತ್ತು ಗಂಡುಮಗುವೇ ಬೇಕೆಂಬ ಹಂಬಲ ಎರಡೂ ಇಳಿದದ್ದನ್ನು ಕಂಡರು. ನಗರದ ಮನೆ, ಓದಿದ ಹೆಣ್ಣು, ಒಬ್ಬಳೇ ಹೊರಗೆ ಹೋಗಿ ಬರುವ ಹೆಣ್ಣು, ಇವು ಕಥೆಯ ಹಿನ್ನೆಲೆಯಲ್ಲಿದ್ದರೂ ನೋಡುಗರ ಕಣ್ಣಿಗೆ ಬಿದ್ದಿರಬೇಕು. ಬ್ರೆಜಿಲ್‌ನಲ್ಲಿ ನಡೆದ ಅಧ್ಯಯನವೊಂದು, ಗ್ಲೋಬೋ ವಾಹಿನಿಯ ಧಾರಾವಾಹಿಗಳು ತಲುಪಿದ ಊರುಗಳಲ್ಲಿ ಜನನ ಪ್ರಮಾಣ ಇಳಿದದ್ದನ್ನು ಗುರುತಿಸಿತು. ಆ ಕಥೆಗಳ ಬಹುಪಾಲು ನಾಯಕಿಯರಿಗೆ ಮಕ್ಕಳಿರಲಿಲ್ಲ ಅಥವಾ ಒಂದೇ ಮಗುವಿತ್ತು. ಹೆಣ್ಣುಮಕ್ಕಳು ಕಣ್ಣೀರನ್ನಷ್ಟೇ ನೋಡಿ ಎದ್ದುಹೋಗುವವರಲ್ಲ. ತಮಗೆ ಬೇಕಾದದ್ದನ್ನು ಅವರು ಆರಿಸಿಕೊಳ್ಳುತ್ತಾರೆ, ಹಾಗಾಗಿಯೇ ಅವರಿಗೆ ಆರಿಸಿಕೊಳ್ಳಲು ಏನು ಕೊಡುತ್ತೇವೆ ಎಂಬುದು ಮುಖ್ಯವಾಗುತ್ತದೆ.

ಭಾರತದಲ್ಲಿ ವಾಹಿನಿಗಳು 2011ರಲ್ಲಿ ತಾವೇ ರಚಿಸಿಕೊಂಡ ಪ್ರಸಾರ ವಿಷಯ ದೂರು ಮಂಡಳಿ, ಮಹಿಳೆಯರನ್ನು ಹೀನವಾಗಿ ಚಿತ್ರಿಸುವುದರ ವಿರುದ್ಧ ಸೂಚನೆಗಳನ್ನು ಹೊರಡಿಸಿದೆ. ಕಪಾಳಕ್ಕೆ ಹೊಡೆಯುವ ಒಂದು ದೃಶ್ಯದ ಮೇಲೆ ದೂರು ಕೊಡಬಹುದು. ನಾಯಕಿ ಇನ್ನೂರು ಕಂತುಗಳ ತನಕ ಬಾಯಿ ತೆರೆಯಲಿಲ್ಲ ಎಂದು ದೂರು ಕೊಡಲು ಯಾವ ನಿಯಮವೂ ಇಲ್ಲ. ಬ್ರೆಜಿಲ್‌ನ ಧಾರಾವಾಹಿಗಳು ಕೆಲವು ತಿಂಗಳಲ್ಲಿ ಮುಗಿಯುತ್ತವೆ, ಮುಗಿಯುವುದು ಪ್ರೇಕ್ಷಕರಿಗೂ ಗೊತ್ತಿರುತ್ತದೆ. ಅಲ್ಲಿಯೂ ಮದುವೆಯಲ್ಲೇ ಸುಖಾಂತ್ಯವಾಗುವ ಕಥೆಗಳು ಬೇಕಾದಷ್ಟಿವೆ, ಆದರೆ ನಾಯಕಿ ತೆಗೆದುಕೊಂಡ ತೀರ್ಮಾನವನ್ನು ಮೂವತ್ತು ವರ್ಷದ ನಂತರ ಅಳಿಸಿಹಾಕುವ ಅಗತ್ಯ ಯಾರಿಗೂ ಬರುವುದಿಲ್ಲ. ನಮ್ಮ ವಾಹಿನಿಗಳು ಕಥೆಯನ್ನು ಒಪ್ಪಿಕೊಳ್ಳುವ ದಿನವೇ ಕೊನೆಯ ಕಂತಿನ ದಿನಾಂಕವನ್ನೂ ಬರಹಗಾರರಿಗೆ ಕೊಟ್ಟು, ಅಂಕಿ ಏರಿದರೂ ಅದಕ್ಕೆ ಬದ್ಧವಾಗಿರಬೇಕು ಎಂಬುದು ನನ್ನ ಒತ್ತಾಯ.