ಬಾಸ್‌ಗೆ ಸಿಸಿ ಹಾಕದೆ ಬೇರೆ ವಿಭಾಗದವರಿಂದ ಕೆಲಸ ಮಾಡಿಸಿಕೊಳ್ಳೋದು ಹೇಗೆ?

ಪ್ರಶ್ನೆ: ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಕ್ವಾಲಿಟಿಯವರಾಗಲಿ, ಸ್ಟೋರ್ಸ್‌ನವರಾಗಲಿ ನನ್ನ ಕೈಕೆಳಗಿನವರಲ್ಲ. ಮೇಲ್ ಹಾಕಿದರೆ ಉತ್ತರವೇ ಬರಲ್ಲ. ಮ್ಯಾನೇಜರ್‌ಗೆ ಸಿಸಿ ಹಾಕಿದರೆ, ಅಂದರೆ ಅದೇ ಮೇಲ್‌ನ ಪ್ರತಿ ಅವರಿಗೂ ಹೋಗುವಂತೆ ಮಾಡಿದರೆ, ಅವತ್ತಿನ ಕೆಲಸ ಆಗುತ್ತದೆ, ಆದರೆ ಮಾರನೇ ದಿನದಿಂದ ಮುಖ ಕೊಟ್ಟು ಮಾತಾಡಲ್ಲ. ಅಧಿಕಾರ ಇಲ್ಲದವರು ಏನು ಮಾಡಬೇಕು?

ಉತ್ತರ: ಈ ಪ್ರಶ್ನೆಯನ್ನು ಬ್ಯಾಂಕಿನವರೂ ಕೇಳುತ್ತಾರೆ, ಸಾಫ್ಟ್‌ವೇರ್‌ನವರೂ ಕೇಳುತ್ತಾರೆ. ಒಂದೇ ಮಾತಲ್ಲಿ ಹೇಳೋದಾದರೆ, ಪ್ಲಾನ್ ಮುಗಿಸಿ ಆಮೇಲೆ ಕೇಳಬೇಡಿ. ಪ್ಲಾನ್ ಮಾಡುವಾಗಲೇ ಅವರನ್ನು ಕೇಳಿ.

ಗ್ಯಾರಿ ಯೂಕ್ಲ್ ಎಂಬ ಅಮೆರಿಕದ ಸಂಶೋಧಕರು ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದವರು. ನಾವು ಏನಾದರೂ ಕೇಳಿದಾಗ ಎದುರಿನವರು ಮೂರರಲ್ಲಿ ಒಂದು ಮಾಡುತ್ತಾರೆ ಅನ್ನೋದು ಅವರ ಲೆಕ್ಕ. ಮನಸ್ಸಿಟ್ಟು ಒಪ್ಪಿಕೊಳ್ಳಬಹುದು, ಹೇಳಿದರಲ್ಲ ಅಂತ ಮಾಡಿ ಕೈ ತೊಳೆದುಕೊಳ್ಳಬಹುದು, ಇಲ್ಲವೇ ಅಡ್ಡ ಹಾಕಬಹುದು. ಸಿಸಿ ಹಾಕಿದಾಗ ನಿಮಗೆ ಸಿಗುತ್ತಿರುವುದು ಎರಡನೆಯದು. ಅದಕ್ಕೇ ಪ್ರತಿ ಸಲ ಹೊಸದಾಗಿ ಒತ್ತಡ ಹಾಕಬೇಕಾಗುತ್ತದೆ. 1992ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಜಾಸ್ತಿ ಫಲ ಕೊಟ್ಟವು ಇವು: ಕಾರಣ ಕೊಟ್ಟು ಒಪ್ಪಿಸುವುದು, ಎದುರಿನವರ ಸಲಹೆ ಕೇಳಿ ಜೊತೆಗೆ ಸೇರಿಸಿಕೊಳ್ಳುವುದು, ಕೆಲಸದ ಬಗ್ಗೆ ಉತ್ಸಾಹ ಹುಟ್ಟಿಸುವುದು. ಒತ್ತಡ ಹಾಕುವುದು, ಗುಂಪು ಕಟ್ಟಿಕೊಂಡು ಬರುವುದು, ‘ರೂಲ್ಸ್ ಹೀಗಿದೆ’ ಅನ್ನುವುದು ಕೊನೆಯಲ್ಲಿದ್ದವು. ಸಿಸಿಯಲ್ಲಿ ಈ ಕೊನೆಯ ಮೂರೂ ಸ್ವಲ್ಪ ಸ್ವಲ್ಪ ಇವೆ ಅಲ್ವಾ?

ಈಗ ನೀವು ಕಳಿಸುವ ಮೇಲ್ ನೋಡೋಣ. ಸಾಮಾನ್ಯವಾಗಿ ಹೀಗಿರುತ್ತದೆ: ‘ಈ ಲಾಟ್ ಇವತ್ತಿನ ಪ್ಲಾನ್‌ನಲ್ಲಿದೆ. ಇನ್‌ಸ್ಪೆಕ್ಷನ್ ಸಂಜೆಯೊಳಗೆ ಮುಗಿಯಬೇಕು. ಪ್ಲೀಸ್ ಡೂ ದ ನೀಡ್‌ಫುಲ್.’ ಇದರಲ್ಲಿ ಕಾರಣವೇ ಇಲ್ಲ. ಪ್ಲಾನ್‌ನಲ್ಲಿದೆ, ಹಾಗಾಗಿ ಆಗಬೇಕು ಅಂದಹಾಗಾಯಿತು. ಪ್ಲಾನ್ ಮಾಡಿದ್ದು ನೀವು ತಾನೇ?

ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಮತ್ತು ಜೊತೆಗಾರರು 1978ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಜೆರಾಕ್ಸ್ ಮಾಡಿಸಲು ಬಂದವರನ್ನು ತಡೆದು ‘ನಾನು ಮೊದಲು ಮಾಡಿಕೊಳ್ಳಲಾ?’ ಅಂತ ಕೇಳಿದರು. 5 ಪುಟ ಅಂದಾಗ, ‘ಯಾಕಂದ್ರೆ ನನಗೆ ಕಾಪಿ ತೆಗೀಬೇಕು’ ಎಂಬ ಹುರುಳಿಲ್ಲದ ಕಾರಣಕ್ಕೂ ನೂರಕ್ಕೆ 93 ಜನ ಬಿಟ್ಟುಕೊಟ್ಟರು. 20 ಪುಟ ಅಂದಾಗ ಅದೇ ಕಾರಣಕ್ಕೆ ಒಪ್ಪಿದವರು ಬರೀ 24. ನಿಜವಾದ ಕಾರಣ ಕೊಟ್ಟಾಗ ಅದು 42ಕ್ಕೆ ಏರಿತು. ಚಿಕ್ಕ ಸಹಾಯಕ್ಕೆ ಏನು ಹೇಳಿದರೂ ನಡೆಯುತ್ತದೆ. ಒಬ್ಬರ ಅರ್ಧ ದಿನ ಕೇಳುವಾಗ ನಡೆಯಲ್ಲ.

ನಿಮ್ಮ ಮೇಲ್‌ನಲ್ಲಿದ್ದ ಮಾತನ್ನೇ ಹೀಗೆ ಕೇಳಿ ನೋಡಿ. ಬೆಳಿಗ್ಗೆ ಶಿಫ್ಟ್ ಶುರುವಾಗುವ ಹೊತ್ತಿಗೆ, ಕ್ವಾಲಿಟಿಯವರ ಟೇಬಲ್ ಹತ್ತಿರ ಹೋಗಿ: ‘ಸಾರ್, ಗುರುವಾರ ಸಂಜೆ ಲಾರಿ ಬರುತ್ತೆ. ಅವತ್ತು ಈ ಲಾಟ್ ಹೋಗದಿದ್ದರೆ ಕಸ್ಟಮರ್ ಕಾರ್ಖಾನೆಯ ಲೈನ್ ನಿಲ್ಲುತ್ತೆ. ನಿಮ್ಮ ಹತ್ತಿರ ಈಗ ಏನೇನು ಬಾಕಿ ಇದೆ? ನಾನು ಯಾವಾಗ ಪೀಸ್ ಕಳಿಸಿದರೆ ನಿಮಗೆ ಅನುಕೂಲ?’ ಅವರು ‘ಎಲ್ಲಾ ಒಟ್ಟಿಗೆ ತಂದು ಸುರೀಬೇಡಿ, ಬುಧವಾರವೇ ಅರ್ಧ ಕಳಿಸಿ’ ಅನ್ನಬಹುದು. ಆ ಮಾತು ಬಂದರೆ ಪ್ಲಾನ್ ತಿದ್ದಿ, ತಿದ್ದಿದ್ದನ್ನು ಅವರಿಗೆ ತೋರಿಸಿ. ಇದನ್ನು ಬಿಡಬೇಡಿ. ಸಲಹೆ ಕೇಳಿ ಏನೂ ಬದಲಿಸದೆ ಇದ್ದರೆ, ಕೇಳದೆ ಇದ್ದದ್ದಕ್ಕಿಂತ ಜಾಸ್ತಿ ಬೇಜಾರಾಗುತ್ತದೆ. ಅವರು ಹೇಳಿದಂತೆ ಬದಲಾದ ಪ್ಲಾನ್ ಅರ್ಧ ಅವರದೂ ಆಗುತ್ತದೆ. ಗುರುವಾರ ಏನಾದರೂ ತೊಡಕಾದರೆ ಅವರೇ ಫೋನ್ ಮಾಡುವ ಸಾಧ್ಯತೆ ಹೆಚ್ಚು.

ಎದ್ದು ಹೋಗಿ ಕೇಳಿ ಅಂದಿದ್ದಕ್ಕೂ ಕಾರಣ ಇದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಪರಿಚಿತರಿಗೆ ಒಂದು ಸರ್ವೆ ತುಂಬಿಕೊಡಿ ಅಂತ ಕೇಳಿದರು. ಎದುರು ನಿಂತು ಕೇಳಿದ್ದು ಇಮೇಲ್‌ಗಿಂತ 34 ಪಟ್ಟು ಫಲ ಕೊಟ್ಟಿತು. ನಿಮ್ಮ ಕ್ವಾಲಿಟಿಯವರು ಅಪರಿಚಿತರಲ್ಲ, ಅಷ್ಟು ವ್ಯತ್ಯಾಸ ಇರಲಿಕ್ಕಿಲ್ಲ. ಆದರೂ ಮೊದಲು ಮಾತು, ಆಮೇಲೆ ‘ಬೆಳಿಗ್ಗೆ ಮಾತಾಡಿದ ಹಾಗೆ’ ಅಂತ ಒಂದು ಚಿಕ್ಕ ಮೇಲ್. ಈ ಕ್ರಮ ಒಳ್ಳೆಯದು.

ಹೊಗಳೋದು, ಕಾಫಿ ಕೊಡಿಸೋದು ತಪ್ಪಲ್ಲ. ಆದರೆ ಕೆಲಸ ಕೇಳುವ ಎರಡು ನಿಮಿಷ ಮುಂಚೆ ಮಾತ್ರ ಹೊಗಳಿದರೆ ಯಾರಿಗಾದರೂ ಗೊತ್ತಾಗುತ್ತದೆ. ಕೆಲಸ ಮುಗಿದ ಮೇಲೆ ಅವರ ಮ್ಯಾನೇಜರ್‌ಗೆ ಸಿಸಿ ಹಾಕಿ ಥ್ಯಾಂಕ್ಸ್ ಹೇಳಿ. ನನ್ನ ಪ್ರಕಾರ ಸಿಸಿಯ ಅತ್ಯುತ್ತಮ ಉಪಯೋಗ ಅದೇ.

ಇಷ್ಟು ಮಾಡಿಯೂ ಆಗದಿದ್ದರೆ? ಆಗ ಮೇಲಿನವರ ಹತ್ತಿರ ಹೋಗಲೇಬೇಕು, ಅದರಲ್ಲಿ ಸಂಕೋಚ ಬೇಡ. ಆದರೆ ಕ್ವಾಲಿಟಿಯವರಿಗೆ ಹೇಳಿಯೇ ಹೋಗಿ: ‘ಸಾರ್, ಇಬ್ಬರ ಕೈಲೂ ಆಗ್ತಿಲ್ಲ. ಮ್ಯಾನೇಜರ್ ಹತ್ತಿರ ಒಟ್ಟಿಗೇ ಹೋಗೋಣ್ವಾ?’ ಎಷ್ಟೋ ಸಲ ನಿಜವಾದ ತೊಂದರೆ ಇನ್‌ಸ್ಪೆಕ್ಟರ್‌ಗಳು ಸಾಲದೆ ಇರೋದು. ಅದನ್ನು ಕ್ವಾಲಿಟಿಯವರು ಒಬ್ಬರೇ ಕೇಳಿದರೆ ನೆಪ ಅಂತಾರೆ. ಪ್ಲಾನಿಂಗ್‌ನವರೂ ಪಕ್ಕದಲ್ಲಿ ನಿಂತು ಕೇಳಿದರೆ ಜನ ಸಿಗುವ ಸಾಧ್ಯತೆ ಹೆಚ್ಚು.